ಮೂರು ಚೀಟಿ, ಒಂದೇ ಉತ್ತರ

ನಮ್ಮ ದುಬೈ ಶಾಲೆಯ ಗೇಟಿನಲ್ಲಿ ಹೊಸದಾಗಿ ಹಾಕಿದ ಹಾಜರಿ ಯಂತ್ರ ಬೆಳಗ್ಗೆ ಮಾತ್ರ ಮಕ್ಕಳ ಮುಖ ಗುರುತಿಸುತ್ತಿರಲಿಲ್ಲ. ಎದುರಿಗೇ ನಿಂತ ಮಗುವಿಗೂ ಗೈರುಹಾಜರಿ. ಇವತ್ತು ಸರಿಹೋಗದಿದ್ದರೆ ಯಂತ್ರ ವಾಪಸ್ ಎಂದರು ಪ್ರಿನ್ಸಿಪಾಲರು. ಅದನ್ನು ಮಾರಿದ ಚೀನೀ ಕಂಪನಿಯಿಂದ ಮ್ಯಾನೇಜರ್ ಚೆನ್ ಇಬ್ಬರು ಇಂಜಿನಿಯರುಗಳೊಂದಿಗೆ ಓಡಿಬಂದರು.

"ಏನಾಗಿರಬಹುದು, ಹೇಳಿ," ಎಂದರು ಚೆನ್.

"ನೀವೇ ಹೇಳಬೇಕು ಸರ್," ಎಂದಳು ಇಂಜಿನಿಯರ್ ಲಿನ್.

"ಇಲ್ಲ, ಮೊದಲು ನೀವು."

ಅರ್ಧ ಗಂಟೆ ಇದೇ ಉಪಚಾರ, ಮದುವೆಮನೆಯಲ್ಲಿ ಊಟಕ್ಕೆ ಎಬ್ಬಿಸಿದ ಹಾಗೆ. ಕೊನೆಗೆ ಅವರ ಜೊತೆಗಿದ್ದ ಟೀಚರ್ ನಾನು, ನನ್ನ ನಾಲ್ಕನೇ ತರಗತಿಯ ಮಕ್ಕಳಿಗೆ ಮಾಡುವುದನ್ನೇ ಮಾಡಿದೆ. ಮೂವರಿಗೂ ಚೀಟಿ ಕೊಟ್ಟು, "ಹೆಸರು ಬೇಡ, ಉತ್ತರ ಮಾತ್ರ ಬರೆಯಿರಿ," ಎಂದೆ.

ಗಟ್ಟಿಯಾಗಿ ಓದಿದೆ. ಬೆಳಗಿನ ಬಿಸಿಲು ನೇರ ಕ್ಯಾಮೆರಾಕ್ಕೆ ಬೀಳುತ್ತಿದೆ, ಯಂತ್ರ ತಿರುಗಿಸಿ. ಎರಡನೆಯದರಲ್ಲೂ ಅದೇ. ಮೂರನೆಯದರಲ್ಲೂ ಅದೇ!

"ಗೊತ್ತಿದ್ದೂ ಸುಮ್ಮನಿದ್ದೆಯಾ?" ಎಂದರು ಚೆನ್, ಲಿನ್ ಕಡೆ ತಿರುಗಿ.

"ಯಂತ್ರಕ್ಕೆ ಜಾಗ ತೋರಿಸಿದ್ದು ನೀವು ಸರ್. ತಪ್ಪು ಅಂತ ಹೇಗೆ ಹೇಳಲಿ? ನೀವ್ಯಾಕೆ ಹೇಳಲಿಲ್ಲ?"

"ನಾನು ಬಾಯಿ ಬಿಟ್ಟರೆ ನೀವೆಲ್ಲ ಯೋಚಿಸುವುದನ್ನೇ ಬಿಡುತ್ತೀರಲ್ಲ!"

ನಾಲ್ವರೂ ಗೇಟು ಹಿಡಿದುಕೊಂಡು ನಕ್ಕೆವು. ಗಂಡ ತೀರಿಕೊಂಡ ಮೇಲೆ ನಾನು ಕಣ್ಣೀರು ಬರುವಷ್ಟು ನಕ್ಕಿದ್ದು ಅದೇ ಮೊದಲು. ಯಂತ್ರವನ್ನು ಬಿಸಿಲಿಗೆ ಬೆನ್ನು ಮಾಡಿ ತಿರುಗಿಸಿದ್ದೇ ತಡ, ತಡವಾಗಿ ಬಂದ ಪುಟ್ಟಿಯೊಬ್ಬಳನ್ನು ಅದು ಹೆಸರು ಹಿಡಿದು ಕರೆಯಿತು.

ಮರುದಿನ ಪ್ರಿನ್ಸಿಪಾಲರು ಮೀಟಿಂಗಿನಲ್ಲಿ, "ಹೊಸ ಟೈಮ್‌ಟೇಬಲ್‌ನಲ್ಲಿ ಯಾರಿಗಾದರೂ ತೊಂದರೆ ಇದೆಯಾ?" ಎಂದು ಕೇಳಿದರು. ನನಗೆ ಒಂದೇ ಹೊತ್ತಿಗೆ ಎರಡು ತರಗತಿ ಬಿದ್ದಿತ್ತು.

"ತುಂಬಾ ಚೆನ್ನಾಗಿದೆ ಸರ್," ಎಂದೆ.