ಡಾಕ್ಟರಮ್ಮ ಮೆಲ್ಲಗೆ ಹೇಳಿದ ಮಾತು

ಎರಡು ವರ್ಷದ ಹಿಂದೆ ನಡೆದದ್ದು. ಮಗಳು ಸಿರಿಗೆ ಆಗ ಏಳು ವರ್ಷ. ಮೇಲಿನ ಸಾಲಿನ ಮುಂದಿನ ನಾಲ್ಕು ಹಾಲುಹಲ್ಲು ಕಪ್ಪಾಗಿದ್ದವು. ಒಂದು ದವಡೆ ಹಲ್ಲು ಹುಳುಕಾಗಿ, ಎರಡು ದಿನದಿಂದ ಅನ್ನ ಅಗಿಯಲಾಗದೆ ಅಳುತ್ತಿದ್ದಳು. ನಾನು ನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವವಳು. ಒಂದು ಗಂಟೆಗೆ ಕಂಪನಿ ಬಸ್ಸು ಹಿಡಿಯಬೇಕೆಂಬ ಗಡಿಬಿಡಿಯಲ್ಲಿ ಬೆಳಿಗ್ಗೆಯೇ ಅವಳನ್ನು ಕೋಲಾರದ ಒಂದು ಖಾಸಗಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ.

ಕ್ಲಿನಿಕ್ಕಿನ ಯಜಮಾನರೂ ಡಾಕ್ಟರೇ. ಎಕ್ಸ್-ರೇ ತೆಗೆಸಿ, "ಐದು ಹಲ್ಲಿಗೂ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕ್ಬೇಕಮ್ಮ. ಇವತ್ತೇ ಶುರು ಮಾಡೋಣ" ಎಂದರು. ಸರಿ ಎಂದು ತಲೆಯಾಡಿಸಿದೆ.

ಒಳಗೆ ಚಿಕಿತ್ಸೆ ಮಾಡಲು ಬಂದವರು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಕುರ್ಚಿಯಲ್ಲಿ ಕೂತ ಸಿರಿ ಹೆದರಿ, "ವದ್ದಮ್ಮಾ, ಬೇಡ, ಮನೆಗೆ ಹೋಗೋಣ" ಎಂದು ತೆಲುಗು ಕನ್ನಡ ಕಲಸಿ ಅಳತೊಡಗಿದಳು.

"ಏನೂ ಆಗಲ್ಲ ಬಂಗಾರು" ಎಂದು ರಮಿಸುತ್ತಾ ಅವರು ಒಂದೊಂದೇ ಹಲ್ಲನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿದರು. ಮತ್ತೆ ಎಕ್ಸ್-ರೇ ನೋಡಿದರು. ಆಮೇಲೆ ಬಾಗಿಲ ಕಡೆ ಒಮ್ಮೆ ತಿರುಗಿ, ದನಿ ತಗ್ಗಿಸಿದರು.

"ಅಕ್ಕಾ, ಮುಂದಿನ ನಾಲ್ಕೂ ಸಡಿಲ ಆಗಿವೆ. ಹೊಸ ಹಲ್ಲು ಬರ್ತಾ ಇದೆ, ಇವು ತಾನಾಗೇ ಬಿದ್ದೋಗ್ತವೆ. ದವಡೆ ಹಲ್ಲು ಮಾತ್ರ ಇನ್ನೂ ಮೂರ್ನಾಲ್ಕು ವರ್ಷ ಬೇಕು. ಅದೊಂದಕ್ಕೆ ಮಾಡಿದ್ರೆ ಸಾಕು."

"ಮತ್ತೆ ಸರ್ ಐದು ಅಂದ್ರಲ್ಲಾ?"

"ಇಲ್ಲಿ ನಂಗೆ ಸಂಬಳ ಅಂತ ಇಲ್ಲ ಅಕ್ಕ. ಒಂದು ಹಲ್ಲಿಗೆ ಇಷ್ಟು ಅಂತ ಕೊಡ್ತಾರೆ. ಬೇಡ ಅಂದ್ರೆ ನಂಗೂ ಇಲ್ಲ, ಅವರಿಗೂ ಇಲ್ಲ. ಆದ್ರೆ ಮಗೂನ ನೋಡಿ ಸುಮ್ನಿರೋಕಾಗ್ಲಿಲ್ಲ. ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡಿ."

ದವಡೆ ಹಲ್ಲಿನ ಕೆಲಸ ಮುಗಿಸಿಕೊಂಡು ಹೊರಗೆ ಬಂದೆ. "ಉಳಿದವಕ್ಕೆ ಯಾವಾಗ ಬರ್ತೀರಾ?" ಎಂದರು ಯಜಮಾನರು.

"ಅವು ಬೇಡ ಸರ್."

"ಯಾಕೆ? ನಾಳೆ ಕೀವು ತುಂಬ್ಕೊಂಡ್ರೆ ಯಾರಮ್ಮ ಜವಾಬ್ದಾರಿ?"

ಬೆಂಚಿನ ಮೇಲಿದ್ದವರೆಲ್ಲ ನನ್ನನ್ನೇ ನೋಡಿದರು. ಮಗುವಿನ ಮೇಲೆ ಅಕ್ಕರೆಯಿಲ್ಲದ ತಾಯಿ ಎಂದುಕೊಂಡರೇನೋ ಅನ್ನಿಸಿತು. ಬಸ್ಸಿನ ಹೊತ್ತು ಬೇರೆ ಆಗಿತ್ತು. ಬಾಯಿ ತಪ್ಪಿತು. "ಮೇಡಮ್ಮೇ ಹೇಳಿದ್ರು ಸರ್, ತಾನಾಗೇ ಬಿದ್ದೋಗ್ತವೆ ಅಂತ."

ಅವರು ಒಳಗಿನ ಬಾಗಿಲ ಕಡೆ ನೋಡಿದರು, ಅಷ್ಟೇ. ನಾನು ಮಗಳ ಕೈಹಿಡಿದು ಓಡಿದೆ.

ಎರಡು ವಾರದ ನಂತರ ಕ್ಯಾಪ್ ಹಾಕಿಸಲು ಹೋದಾಗ ಬೇರೆ ಡಾಕ್ಟರಿದ್ದರು. ಡಾಕ್ಟರಮ್ಮ ಎಲ್ಲಿ ಎಂದು ಕೌಂಟರಿನ ಹುಡುಗಿಯನ್ನು ಕೇಳಿದೆ. "ಅವ್ರು ಬರ್ತಿಲ್ಲ ಅಕ್ಕ" ಎಂದಳು. ಯಾಕೆ ಎಂದರೆ ಯಜಮಾನರ ಕೋಣೆಯ ಕಡೆ ಒಮ್ಮೆ ನೋಡಿ ರಸೀದಿ ಬರೆಯತೊಡಗಿದಳು.

ನಾಲ್ಕೂ ಹಲ್ಲು ಬಿದ್ದು, ಹೊಸವು ಬಂದಿವೆ. ಮಾಲೂರಿಗೋ ಮುಳಬಾಗಿಲಿಗೋ ಹೋದಾಗ ಹಲ್ಲಿನ ಆಸ್ಪತ್ರೆಯ ಬೋರ್ಡು ಕಂಡರೆ ಡಾಕ್ಟರಮ್ಮ ಇದ್ದಾರೇನೋ ಎಂದು ಒಳಗೆ ಇಣುಕಿ ನೋಡುತ್ತೇನೆ. ಅವರಾಗಿಯೇ ಒಳ್ಳೆಯ ಕಡೆ ಹೋಗಿರಬಹುದು ಎಂದು ಸಮಾಧಾನ ಮಾಡಿಕೊಂಡರೂ ಮನಸ್ಸು ನಿಲ್ಲುವುದಿಲ್ಲ. "ನಂಗೇ ಬೇಡ ಅನ್ನಿಸ್ತು ಸರ್" ಎಂದು ನಾನು ಹೇಳಿದ್ದರೆ ಸಾಕಿತ್ತು. ಅಷ್ಟು ಸಣ್ಣ ಮಾತು ಅವತ್ತು ನನಗೆ ಹೊಳೆಯಲಿಲ್ಲ.