ಎಪ್ಪತ್ತೆರಡು ಅಂಕ, ಒಂದು ಪೆಟ್ಟಿಗೆ ಪೇಢೆ

೧೯೭೬ರಲ್ಲಿ ನನ್ನ ಓದು ನಿಂತಿತು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಮೂವತ್ನಾಲ್ಕು ಅಂಕ ಬಂದಿದ್ದವು. ಪಾಸಾಗಲು ಮೂವತ್ತೈದು ಬೇಕಿತ್ತು. ಬಿಜಾಪುರದ ನಮ್ಮ ಓಣಿಯಲ್ಲಿ ಅಂಕಗಳನ್ನು ಮತ್ತೊಮ್ಮೆ ಎಣಿಸಿರೆಂದು ಅರ್ಜಿ ಹಾಕಿದವರಿದ್ದರು. ಅವರಲ್ಲಿ ಒಬ್ಬನಿಗೆ ಆರು ಅಂಕ ಹೆಚ್ಚಾಗಿ ಬಂದು ಅವನು ಮುಂದೆ ಬ್ಯಾಂಕಿನಲ್ಲಿ ಕುರ್ಚಿ ಹಿಡಿದ. ನಮ್ಮಪ್ಪ ಮಾತ್ರ, "ಮಾಸ್ತರ ಕೊಟ್ಟಿದ್ದು ಕೊಟ್ಟಾರ. ಕೇಳಾಕ ಹೋಗೂದು ಮರ್ಯಾದಿ ಅಲ್ಲ," ಎಂದುಬಿಟ್ಟರು. ಮರುವಾರ ನಾನು ಗ್ಯಾರೇಜಿನಲ್ಲಿ ಲಾರಿ ತೊಳೆಯುತ್ತಿದ್ದೆ. ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಒಂದು ಅಂಕ ಎಲ್ಲಿ ಹೋಯಿತು ಎಂಬುದು ಇವತ್ತಿಗೂ ಗೊತ್ತಾಗಿಲ್ಲ.

೧೯೯೦ರಲ್ಲಿ ನರ್ಸ್ ಆಗಿದ್ದ ನನ್ನ ಹೆಂಡತಿಗೆ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಅವಳ ಬೆನ್ನಿಗೆ ನಾನು, ನನ್ನ ಸೊಂಟದ ಮೇಲೆ ಐದು ವರ್ಷದ ಮಗಳು. ಫೆಲ್ಥಮ್‌ನಲ್ಲಿ ಮನೆ ಹಿಡಿದೆವು. ಅಲ್ಲಿ ಮನೆಗೊಬ್ಬರಾದರೂ ಪಕ್ಕದ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುತ್ತಾರೆ. ನಾನೂ ಸೇರಿದೆ, ವಿಮಾನದ ಒಳಗನ್ನು ಸ್ವಚ್ಛಗೊಳಿಸುವ ತಂಡಕ್ಕೆ. ಆರು ವರ್ಷದಲ್ಲಿ ತಂಡದ ಮೇಲ್ವಿಚಾರಕನಾದೆ. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ, ಸ್ವಲ್ಪ ಸೊಕ್ಕೇ ಇದೆ. ನನ್ನ ಕೈಯಲ್ಲಿ ನೂರು ಚೌಕಗಳ ಒಂದು ಪಟ್ಟಿ ಇರುತ್ತಿತ್ತು: ಊಟದ ಹಲಗೆ, ಸೀಟಿನ ಚೀಲ, ಬೆಲ್ಟು, ಶೌಚಾಲಯದ ಕನ್ನಡಿ. ಸ್ವಚ್ಛವಿದ್ದರೆ ಗುರುತು, ಇಲ್ಲದಿದ್ದರೆ ಖಾಲಿ. ತೊಂಬತ್ತೈದಕ್ಕಿಂತ ಕಡಿಮೆಯಾದರೆ ಇಡೀ ತಂಡ ಮತ್ತೆ ಒಳಗೆ ಹೋಗಿ ಒರೆಸಬೇಕು. ನನ್ನ ತಂಡಕ್ಕೆ ನೂರಕ್ಕೆ ನೂರು ಬಂದ ದಿನಗಳು ಎಷ್ಟೋ. ಅಂಕ ಅಂದರೆ ನನ್ನ ಪಾಲಿಗೆ ಅದು. ನೂರು ಇದೆ ಅಂದಮೇಲೆ ನೂರು ಸಿಗಬೇಕು.

ಆ ಕೆಲಸದ ಇನ್ನೊಂದು ಲಾಭ ಪತ್ರಿಕೆಗಳು. ಮುಂದಿನ ಸೀಟಿನ ಸಾಹೇಬರು ಬಿಟ್ಟು ಹೋದ ದೊಡ್ಡ ದೊಡ್ಡ ಪತ್ರಿಕೆಗಳನ್ನು ಹೇಗೂ ಕಸದ ಚೀಲಕ್ಕೆ ಹಾಕಬೇಕಿತ್ತು. ಇಸ್ತ್ರಿ ಕೆಡದವನ್ನು ನಾನು ಮನೆಗೆ ತರುತ್ತಿದ್ದೆ. ನನ್ನ ಇಂಗ್ಲಿಷ್ ಕಾಲೇಜು ಅದೇ. ಆ ವರ್ಷಗಳಲ್ಲಿ ಅವುಗಳ ತುಂಬ ವಿಶ್ವವಿದ್ಯಾಲಯಗಳದೇ ಜಗಳ. ದೇಶದ ಅರ್ಧದಷ್ಟು ಮಕ್ಕಳು ಡಿಗ್ರಿ ಓದಬೇಕು ಎಂದು ಪ್ರಧಾನಿ ಹೇಳಿದರೆ, ಒಂದು ಪತ್ರಿಕೆ ಭಲೇ ಅನ್ನುತ್ತಿತ್ತು. ಇನ್ನೊಂದು, ಎಲ್ಲರೂ ಡಿಗ್ರಿ ಓದಿದರೆ ನಲ್ಲಿ ರಿಪೇರಿ ಯಾರು ಮಾಡುತ್ತಾರೆ ಎಂದು ಕೇಳುತ್ತಿತ್ತು. ಇಬ್ಬರೂ ಚಂದವಾಗಿ ಬರೆಯುತ್ತಿದ್ದರು. ಮೊದಲನೆಯದನ್ನು ಓದಿದಾಗ ಹೌದೆನಿಸುತ್ತಿತ್ತು, ಎರಡನೆಯದನ್ನು ಓದಿದಾಗಲೂ ಹೌದೆನಿಸುತ್ತಿತ್ತು. ವಿಶ್ವವಿದ್ಯಾಲಯಗಳಿಗೇ ರ‍್ಯಾಂಕು ಕೊಟ್ಟ ಪಟ್ಟಿಗಳೂ ಬರುತ್ತಿದ್ದವು. ಒಂದೇ ವಿಶ್ವವಿದ್ಯಾಲಯ ಒಂದು ಪತ್ರಿಕೆಯಲ್ಲಿ ಅಟ್ಟದ ಮೇಲೆ, ಇನ್ನೊಂದರಲ್ಲಿ ಹಿತ್ತಲಲ್ಲಿ. ಕಟ್ಟಡ ಒಂದೇ, ಮಾಸ್ತರರು ಅವರೇ. ಇದು ಹೇಗೆ ಎಂದು ನನಗೆ ಬಿಡಿಸಿ ಹೇಳಿದವರಿಲ್ಲ.

ಮಗಳು ಕಾಲೇಜಿಗೆ ಅರ್ಜಿ ಹಾಕಿದಾಗ ಗೊಂದಲ ಮನೆಯೊಳಗೇ ಬಂತು. ಇನ್ನೂ ಪರೀಕ್ಷೆ ಬರೆದಿಲ್ಲ, ಆಗಲೇ ಸೀಟು ಬಂದಿತ್ತು.

"ಬರೀದ ಪರೀಕ್ಷಾಕ ಅಂಕ ಹೆಂಗ ಗೊತ್ತಾತವಾ ಅವರಿಗೆ?" ಎಂದು ಕೇಳಿದೆ.

"ಟೀಚರ್ಸ್ ಅಂದಾಜು ಮಾಡ್ತಾರೆ ಅಪ್ಪಾ," ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಸಿಟ್ಟು ಬಂದಾಗಷ್ಟೇ ಕನ್ನಡ.

"ನಮ್ಮ ಗಣಿತದ ಮಾಸ್ತರ ಅಂದಾಜು ಮಾಡಿದ್ರ ನನಗ ಹನ್ನೆರಡು ಕೊಡ್ತಿದ್ರು," ಎಂದೆ. ಒಳಗಿನಿಂದ ಹೆಂಡತಿ, "ಖರೇ ಅಂದಾಜು ಇರ್ತಿತ್ತು ಬಿಡ್ರಿ," ಎಂದಳು.

ಮಗಳು ರಾಜ್ಯಶಾಸ್ತ್ರಕ್ಕೆ ಸೇರಿದಳು. ರೈಲಿನಲ್ಲಿ ಹೋಗಿ ಬಂದು ಮಾಡುತ್ತಿದ್ದಳು. ಎರಡನೆಯ ವರ್ಷವೇನೋ ಇರಬೇಕು, ಫೀ ಹೆಚ್ಚಿಸುವ ಮಸೂದೆಗೆ ಪಾರ್ಲಿಮೆಂಟಿನಲ್ಲಿ ಓಟು ನಡೆಯಿತು. ಬರೀ ಐದು ಓಟಿನಿಂದ ಸರ್ಕಾರ ಗೆದ್ದಿತು. ಟಿವಿಯ ಮುಂದೆ ಮಗಳು ತಲೆ ಹಿಡಿದುಕೊಂಡು ಕೂತಳು. ನಾನು, ಐದರಿಂದ ಗೆದ್ದರೂ ಗೆದ್ದದ್ದೇ, ಒಂದರಿಂದ ಸೋತರೂ ಸೋತದ್ದೇ ಎಂದುಕೊಂಡೆ. ಕೊನೆಯ ವರ್ಷ ಅವಳು ಬರೆದ ದೊಡ್ಡ ಪ್ರಬಂಧ ಇದೇ ವಿಷಯದ ಮೇಲೆ: ವಿಶ್ವವಿದ್ಯಾಲಯದ ಖರ್ಚು ಯಾರು ಹೊರಬೇಕು ಎಂಬುದು. ನಾನು ತಂದ ಪತ್ರಿಕೆಗಳನ್ನು ಕತ್ತರಿಸಿ ಕತ್ತರಿಸಿ ಅದಕ್ಕೆ ಬಳಸಿಕೊಂಡಳು. ಹಾಗಾಗಿ ಅದರಲ್ಲಿ ನನ್ನದೂ ಒಂದು ಪಾಲಿದೆ ಎಂದು ನನ್ನ ಲೆಕ್ಕ.

"ಇದರಲ್ಲಿ ಒಳ್ಳೆಯ ಅಂಕ ಬಂದರಷ್ಟೇ ಮಾಸ್ಟರ್ಸ್ ಸೀಟು," ಎಂದು ಅವಳು ಹೇಳಿದ್ದಳು. ಬೇರೊಂದು ವಿಶ್ವವಿದ್ಯಾಲಯ ಸೀಟನ್ನು ಅವಳಿಗಾಗಿ ತೆಗೆದಿಟ್ಟಿತ್ತು, ಜುಲೈ ಕೊನೆಯವರೆಗೆ. ಮನೆಯಲ್ಲಿ ಮೂವರಿಗೂ ಆ ಬೇಸಿಗೆಯಲ್ಲಿ ಬೇರೆ ಯೋಚನೆಯೇ ಇರಲಿಲ್ಲ.

ಜೂನಿನ ಒಂದು ಮಧ್ಯಾಹ್ನ ಕೆಲಸ ಮುಗಿಸಿ ಬಂದೆ. ಫ್ರಿಜ್ಜಿನ ಬಾಗಿಲಿಗೆ ಮಗಳ ಪ್ರಬಂಧದ ಅಂಕದ ಚೀಟಿ ಅಂಟಿತ್ತು. ಹೆಸರಿಲ್ಲ, ಒಂದು ನಂಬರು ಮಾತ್ರ. ಕೆಳಗೆ ನಾಲ್ಕು ಸಾಲು ಹೊಗಳಿಕೆ. ಒಂದು ಶಬ್ದಕ್ಕೆ ಅನುಮಾನ ಬಂದು ಡಿಕ್ಷನರಿ ತೆಗೆದೆ: ಅತ್ಯುತ್ತಮ. ಅದರ ಕೆಳಗೆ, ಕೈಬರಹದಲ್ಲಿ, 72.

ನಾನು ಕುರ್ಚಿಯಲ್ಲಿ ಕೂತೆ. ಅತ್ಯುತ್ತಮ ಎಂದ ಮೇಲೆ ಎಪ್ಪತ್ತೆರಡು ಹೇಗೆ? ನೂರು ಚೌಕದಲ್ಲಿ ಎಪ್ಪತ್ತೆರಡಕ್ಕೆ ಗುರುತು ಬಿದ್ದ ವಿಮಾನವನ್ನು ಯಾರಾದರೂ ಹಾರಲು ಬಿಡುತ್ತಾರೆಯೆ? ಊರಿನಲ್ಲಿ ಅಣ್ಣನ ಮಗನಿಗೆ ತೊಂಬತ್ತೊಂದು ಬಂದರೂ ಬೇಕಾದ ಕಾಲೇಜಿನಲ್ಲಿ ಸೀಟು ಸಿಕ್ಕಿರಲಿಲ್ಲ. ಮತ್ತೆ, ಇಷ್ಟು ಕಡಿಮೆ ಬಂದದ್ದನ್ನು ಇವಳು ಫ್ರಿಜ್ಜಿನ ಮೇಲೆ ಯಾಕೆ ಹಚ್ಚಿದಳು?

ಅದೇ ವಾರ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಫೋನ್ ಮಾಡಿದರು. ಬೆಂಗಳೂರಿನವರು, ಕ್ಯಾನರಿ ವಾರ್ಫ್‌ನ ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಕೆಲಸ. ರಾಜ್ಯೋತ್ಸವಕ್ಕೆ ಪ್ರತಿಭಾ ಪುರಸ್ಕಾರ ಇಟ್ಟಿದ್ದರು. ಎಂಬತ್ತೈದಕ್ಕಿಂತ ಹೆಚ್ಚು ಪಡೆದ ಮಕ್ಕಳಿಗೆ ಶಾಲು, ಹಾರ, ಫಲಕ.

"ನಿಮ್ಮ ಮಗಳದು ಎಷ್ಟು ಪರ್ಸೆಂಟ್ ಬಂತು ಸಾರ್?"

ನಾನು ಹೇಳಿದೆ.

"ಸೆವೆಂಟಿ ಟೂಗೆ ಏನ್ ಸಿಗುತ್ತೆ ಸಾರ್ ಈಗಿನ ಕಾಲದಲ್ಲಿ? ಸುಮ್ನೆ ರೀವ್ಯಾಲ್ಯುಯೇಶನ್‌ಗೆ ಹಾಕ್ಸಿ. ನನ್ ತಮ್ಮಂಗೆ ಹದಿನೆಂಟು ಮಾರ್ಕ್ಸ್ ಜಾಸ್ತಿ ಆಯ್ತು."

ಫೋನ್ ಇಟ್ಟು ಮತ್ತೆ ಚೀಟಿ ನೋಡಿದೆ. ನೋಡನೋಡುತ್ತ ಆ ಏಳು ನನಗೆ ಒಂಬತ್ತರಂತೆ ಕಾಣತೊಡಗಿತು. ಮೇಲೆ ಸಣ್ಣ ಸುತ್ತು ಇದ್ದ ಹಾಗೆ. ತೊಂಬತ್ತೆರಡು! ಅತ್ಯುತ್ತಮ ಎಂಬುದಕ್ಕೆ ಸರಿಯಾಗಿ ಕೂಡುವ ಅಂಕ ಅದೇ ಅಲ್ಲವೆ? ಯಾವನೋ ಕ್ಲಾರ್ಕು ತಪ್ಪಾಗಿ ಬರೆದಿದ್ದಾನೆ.

"ಆಕಿನ್ನ ಕೇಳ್ರಿ ಮೊದಲ," ಎಂದಳು ಹೆಂಡತಿ.

"ಏನಂತ ಕೇಳ್ಲಿ? ಮಗಳ ಮಾರಿ ಮುಂದ ನಿಂತು ನಿನಗ ಕಡಿಮಿ ಬಿದ್ದಾವ ಅನ್ಲಿ?"

"ಅಕಿ ಮಾರಿ ನೋಡಿದ್ರ ಕಡಿಮಿ ಬಿದ್ದಂಗ ಕಾಣೂದಿಲ್ಲ. ಮುಂಜಾನಿಂದ ಹಾಡಾಕತ್ತಾಳ."

"ಅದಽ ನೋಡು. ದುಃಖ ಮುಚ್ಚಿಡಾಕತ್ತಾಳ."

ಹೆಂಡತಿ ನನ್ನನ್ನೇ ನೋಡಿ, ಹಿಟ್ಟು ನಾದಲು ಹೋದಳು. ನನ್ನ ಪರವಾಗಿ ಯಾರೂ ಕೇಳಲು ಹೋಗಿರಲಿಲ್ಲ. ನನ್ನ ಮಗಳ ಪರವಾಗಿ ನಾನು ಹೋಗುತ್ತೇನೆ ಎಂದು ನಿಶ್ಚಯಿಸಿಬಿಟ್ಟಿದ್ದೆ.

ಮರುದಿನ ರಜೆ ಹಾಕಿದೆ. ಮದುವೆಗೆ ಹಾಕುವ ಕೋಟು ಹಾಕಿಕೊಂಡೆ. ಚೀಟಿಯನ್ನು ಫ್ರಿಜ್ಜಿನಿಂದ ಬಿಡಿಸಿ ಜೇಬಿಗಿಟ್ಟೆ. ಮಾಸ್ತರರ ಬಳಿ ಬರಿಗೈಯಲ್ಲಿ ಹೋಗಬಾರದು. ಹಿಂದಿನ ವಾರ ಊರಿಂದ ಬಂದವರು ತಂದಿದ್ದ ಧಾರವಾಡ ಪೇಢೆಯ ಒಂದು ಪೆಟ್ಟಿಗೆ ಇತ್ತು, ಅದನ್ನೂ ತೆಗೆದುಕೊಂಡೆ.

ಅಲ್ಲಿ ಕಚೇರಿಯವರು ನನ್ನನ್ನು ಪರೀಕ್ಷೆಗಳ ಉಸ್ತುವಾರಿಯ ಅಧ್ಯಾಪಕಿಯ ಕೋಣೆಗೆ ಕಳಿಸಿದರು. ನನ್ನದೇ ವಯಸ್ಸಿನ ಹೆಂಗಸು. ಕುರ್ಚಿಯ ಮೇಲಿನ ಪ್ರಬಂಧಗಳನ್ನು ನೆಲಕ್ಕಿಳಿಸಿ ನನಗೆ ಜಾಗ ಮಾಡಿಕೊಟ್ಟಳು. ರೈಲಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದ ಇಂಗ್ಲಿಷಿನಲ್ಲಿ, ಚೀಟಿ ಮುಂದಿಟ್ಟು, ಇದು ನನ್ನ ಮಗಳದ್ದು ಎಂದು ಅವಳ ಹೆಸರನ್ನೂ ಅಡ್ಡಹೆಸರನ್ನೂ ಅಕ್ಷರ ಬಿಡಿಸಿ ಹೇಳಿದೆ.

ಅಧ್ಯಾಪಕಿ ಕೈ ಎತ್ತಿದಳು. "ಹೆಸರು ಹೇಳಬೇಡಿ!"

ಆಗಲೇ ಹೇಳಿಯಾಗಿತ್ತು.

"ಈ ಪ್ರಬಂಧ ಓದಿದ ಇಬ್ಬರಲ್ಲಿ ನಾನೊಬ್ಬಳು," ಎಂದಳು. "ಇದು ಯಾರದ್ದು ಎಂದು ನನಗೆ ಇಲ್ಲಿಯವರೆಗೆ ಗೊತ್ತಿರಲಿಲ್ಲ. ಗೊತ್ತಾಗಬಾರದಿತ್ತು. ಅಂಕ ಇನ್ನೂ ಪರೀಕ್ಷಾ ಮಂಡಳಿಯ ಮುಂದೆ ಹೋಗಿಲ್ಲ."

"ನನಗೆ ಏನೂ ಹೆಚ್ಚು ಬೇಡ. ಬರೆದದ್ದು ತೊಂಬತ್ತೆರಡಾಗಿದ್ದರೆ ತೊಂಬತ್ತೆರಡು ಅನ್ನಿ."

ಅವಳು ಚೀಟಿ ನೋಡಿದಳು. ಆಮೇಲೆ ನನ್ನನ್ನು. "ಇದು ಎಪ್ಪತ್ತೆರಡೇ. ನಮ್ಮಲ್ಲಿ ಎಪ್ಪತ್ತು ದಾಟಿದರೆ ಅದೇ ಎಲ್ಲಕ್ಕಿಂತ ಮೇಲಿನ ದರ್ಜೆ. ನಾನು ಎಂಬತ್ತು ಕೊಟ್ಟದ್ದು ಎರಡೋ ಮೂರೋ ಸಲ. ತೊಂಬತ್ತು ಯಾವತ್ತೂ ಇಲ್ಲ."

"ನೂರು?"

"ನೂರು ಯಾರೂ ಕೊಡುವುದಿಲ್ಲ."

"ಹಾಗಾದರೆ ಉಳಿದದ್ದನ್ನು ಯಾರಿಗೆ ಅಂತ ಇಟ್ಟಿದ್ದೀರಿ?"

ನಾನು ವ್ಯಂಗ್ಯಕ್ಕೆ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಬೇಕಿತ್ತು. ಅವಳು ಚೀಟಿಯನ್ನು ನನ್ನ ಕಡೆಗೆ ಸರಿಸಿದಳು. "ಮೂವತ್ತು ವರ್ಷದಿಂದ ಪಾಠ ಹೇಳುತ್ತಿದ್ದೇನೆ, ಇದನ್ನು ಯಾರೂ ಕೇಳಿರಲಿಲ್ಲ," ಎಂದಳು.

ಏಳುವಾಗ ಪೇಢೆಯ ಪೆಟ್ಟಿಗೆ ಮೇಜಿನ ಮೇಲಿಟ್ಟೆ. ಅವಳ ಮುಖ ಬಿಳಚಿಕೊಂಡಿತು. ಬೇಡವೆಂದಳು. ನಮ್ಮಲ್ಲಿ ಮೊದಲು ಬೇಡ ಅನ್ನುವುದು ರೂಢಿ. ನಾನು ಎರಡು ಸಲ ಒತ್ತಾಯ ಮಾಡಿ ಬಂದುಬಿಟ್ಟೆ. ಜೀವನದಲ್ಲಿ ಒಂದು ರೂಪಾಯಿ ಲಂಚ ಕೊಟ್ಟವನಲ್ಲ, ತೆಗೆದುಕೊಂಡವನಲ್ಲ. ಅದು ಹಾಗೆ ಕಾಣಬಹುದೆಂದು ಹೊಳೆಯಲೇ ಇಲ್ಲ.

ನಾಲ್ಕು ದಿನಕ್ಕೆ ಮಗಳಿಗೆ ಪತ್ರ ಬಂತು. ಓದಿದವರೊಬ್ಬರಿಗೆ ಹೆಸರು ತಿಳಿದ ಕಾರಣ ಪ್ರಬಂಧವನ್ನು ಹೊರಗಿನ ಪರೀಕ್ಷಕರಿಗೆ ಕಳಿಸಲಾಗಿದೆ. ಅವರು ಕೊಟ್ಟದ್ದೇ ಕೊನೆಯ ಅಂಕ. ಫಲಿತಾಂಶ ಮೂರು ವಾರ ತಡ. ಪತ್ರದ ಜೊತೆ ಪೇಢೆಯ ಪೆಟ್ಟಿಗೆ, ಅದಕ್ಕೊಂದು ಚೀಟಿ: ಉಡುಗೊರೆ ದಾಖಲೆ ಪುಸ್ತಕದಲ್ಲಿ ನಮೂದಿಸಿ ಹಿಂದಿರುಗಿಸಲಾಗಿದೆ. ಒಂದು ಪೇಢೆಯೂ ಕಡಿಮೆಯಾಗಿರಲಿಲ್ಲ.

ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಕನ್ನಡದಲ್ಲಿ ಶುರುಮಾಡಿದಳು.

"ಅಪ್ಪಾ, ನೀ ಯಾಕ ಹ್ವಾದಿ?"

"ನಿನ್ನ ಸಲುವಾಗಿ ಹ್ವಾದೆ."

"ಎಪ್ಪತ್ತು ಬಂದ್ರ ಸಾಕಿತ್ತು ನನಗ. ಎಪ್ಪತ್ತೆರಡು ಬಂದಿತ್ತು. ಈಗ ಆ ಮನಷ್ಯಾ ಅರವತ್ತೊಂಬತ್ತು ಕೊಟ್ರ?"

ಒಂದು ಅಂಕ.

"ಒಂದು ಮಾತು ನನ್ನ ಕೇಳಿದ್ರ ಏನಾಗ್ತಿತ್ತು?" ಎಂದು ಬಾಗಿಲು ಹಾಕಿಕೊಂಡಳು.

"ನಾನೂ ಅದಽ ಅಂದಿದ್ದೆ," ಎಂದಳು ಹೆಂಡತಿ, ನನಗಲ್ಲ, ಒಲೆಗೆ.

ಆ ಮೂರು ವಾರ ಮನೆಯಲ್ಲಿ ಪೇಢೆ ಯಾರೂ ಮುಟ್ಟಲಿಲ್ಲ. ನಾನು ಕೆಲಸದಲ್ಲಿ ಪಟ್ಟಿ ಹಿಡಿದು ನಿಂತಾಗ ಚೌಕಗಳು ಒಂದಕ್ಕೊಂದು ಕಲಸಿ ಕಾಣುತ್ತಿದ್ದವು. ಒಂದು ದಿನ ಎಲ್ಲ ನೂರಕ್ಕೂ ಗುರುತು ಹಾಕಿ, ಆಮೇಲೆ, ನಿಜವಾಗಿ ನೂರಿದೆಯೆ ಎಂದು ನನ್ನನ್ನೇ ಕೇಳಿಕೊಂಡೆ. ಕನ್ನಡಿಯ ಮೂಲೆಯಲ್ಲಿ ಮಂಜು ಇತ್ತು. ಅದು ಕೊಳೆಯೋ ಅಲ್ಲವೋ ಹೇಳಲಾಗಲಿಲ್ಲ. ಹತ್ತು ವರ್ಷದಲ್ಲಿ ಅಂಥ ಅನುಮಾನ ನನಗೆ ಬಂದದ್ದು ಅದೇ ಮೊದಲು.

ಜುಲೈ ಮುಗಿಯಲು ಎರಡು ದಿನವಿದ್ದಾಗ ಫಲಿತಾಂಶ ಬಂತು. ಎಪ್ಪತ್ತು.

ಮಗಳು ಪತ್ರವನ್ನು ನನ್ನ ಕೈಗಿಟ್ಟು, ಪೆಟ್ಟಿಗೆ ತೆಗೆದು, ಕಲ್ಲಿನಂತಾಗಿದ್ದ ಒಂದು ಪೇಢೆಯನ್ನು ಬಾಯಿಗೆ ಹಾಕಿಕೊಂಡಳು. "ನಿನ್ನ ಪೇಢೆ ಎರಡು ಅಂಕ ತಿಂದವು ಅಪ್ಪಾ," ಎಂದಳು. ಕನ್ನಡದಲ್ಲೇ, ಆದರೆ ಸಿಟ್ಟಿರಲಿಲ್ಲ. ಸೀಟು ಉಳಿಯಿತು. ಸಂಘದ ಪುರಸ್ಕಾರ ಸಿಗಲಿಲ್ಲ, ಎಂಬತ್ತೈದು ಇರಲಿಲ್ಲವಲ್ಲ. ಶಾಲು ಹೊದಿಸಿಕೊಂಡ ಮಕ್ಕಳಿಗೆ ನಾವು ಮೂವರೂ ಎದುರಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆವು.

ಈಗ ೨೦೦೯. ಅವಳು ಸಂಶೋಧನೆ ಮಾಡುತ್ತ ವಿಶ್ವವಿದ್ಯಾಲಯದಲ್ಲೇ ಚಿಕ್ಕ ತರಗತಿಗಳಿಗೆ ಪಾಠ ಹೇಳುತ್ತಾಳೆ. ಹೋದ ತಿಂಗಳು ನಮ್ಮ ಊಟದ ಮೇಜಿನ ಮೇಲೆ ಪ್ರಬಂಧಗಳನ್ನು ಹರಡಿಕೊಂಡು ಅಂಕ ಹಾಕುತ್ತಿದ್ದಳು. ಹೆಸರಿಲ್ಲ, ಬರೀ ನಂಬರು. ಈಗ ಮಾಸ್ತರರ ಸಂಶೋಧನೆಗೂ ಅಂಕ ಕೊಡುತ್ತಾರಂತೆ, ಅದೂ ಸ್ಟಾರುಗಳಲ್ಲಿ, ಹೋಟೆಲಿಗೆ ಕೊಟ್ಟ ಹಾಗೆ.

"ನೂರು ಯಾರಿಗರೆ ಕೊಟ್ಟೀ ಏನು?" ಎಂದು ಕೇಳಿದೆ.

"ಇಲ್ಲ."

"ಯಾಕ?"

ಪೆನ್ನು ಗಲ್ಲಕ್ಕೆ ಒತ್ತಿಕೊಂಡಳು. "ಗೊತ್ತಿಲ್ಲಪಾ," ಎಂದಳು.

ನನಗೂ ಗೊತ್ತಿಲ್ಲ. ಈಗ ನನ್ನ ಹತ್ತಿರ ಇರುವುದು ಇಷ್ಟು: ಫೆಲ್ಥಮ್‌ನಲ್ಲಿ ಮೂರು ಕೋಣೆಯ ಒಂದು ಮನೆ, ಒಬ್ಬಳು ಹೆಂಡತಿ, ಒಬ್ಬಳು ಮಗಳು, ಅವಳ ಎರಡು ಡಿಗ್ರಿ ಪತ್ರ, ಹತ್ತೊಂಬತ್ತು ವರ್ಷದ ನೌಕರಿ, ಓದದೆ ಉಳಿದ ನಾಲ್ಕು ಚೀಲ ಪತ್ರಿಕೆ, ಒಂದು ಖಾಲಿ ಪೇಢೆ ಪೆಟ್ಟಿಗೆ, ಅದರೊಳಗೆ ಮೂವತ್ನಾಲ್ಕು ಅಂಕದ ಒಂದು ಮಾರ್ಕ್ಸ್ ಕಾರ್ಡು.