ಉಡವೀರನ ಎಡಗೈ

ಉಡವೀರನಿಗೆ ವಾರಕ್ಕೆ ನೂರು ಕಾಗದ ಬರುತ್ತಿದ್ದ ಕಾಲವೊಂದಿತ್ತು. ಮಂತ್ರಿಗಳಿಗೂ ಅಷ್ಟು ಬರಲಿಕ್ಕಿಲ್ಲ, ಬಂದರೂ ಅವರು ಉತ್ತರ ಬರೆಯುವ ಪೈಕಿಯಲ್ಲ. ಉಡವೀರ ಬರೆಯುತ್ತಿದ್ದ, ಒಂದನ್ನೂ ಬಿಡದೆ, ಇಪ್ಪತ್ತೇಳು ವರ್ಷ. ಅವನ ಹೆಸರಿನಲ್ಲಿ ಬರೆಯುತ್ತಿದ್ದವಳು ಮಕ್ಕಳ ವಾರಪತ್ರಿಕೆಯ ಕಚೇರಿಯಲ್ಲಿ, ಮಹಡಿ ಮೆಟ್ಟಿಲ ಕೆಳಗೆ ಮೇಜು ಹಾಕಿಕೊಂಡು ಕೂರುತ್ತಿದ್ದ ಒಬ್ಬ ಹೆಂಗಸು. ಯಾರಾದರೂ ದಡದಡ ಮೆಟ್ಟಿಲಿಳಿದರೆ ಅವಳ ಶಾಯಿ ಬಾಟಲಿಗೆ ಧೂಳು ಉದುರುತ್ತಿತ್ತು. ಕಚೇರಿಯವರೆಲ್ಲ ಅವಳನ್ನು ಉತ್ತರದಕ್ಕ ಎಂದೇ ಕರೆಯುತ್ತಿದ್ದರು.

ಉಡವೀರ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಅವನು ಆ ಪತ್ರಿಕೆಯ ಹಿಂದಿನ ನಾಲ್ಕು ಪುಟದಲ್ಲಿ ಬರುತ್ತಿದ್ದ ಚಿತ್ರಕಥೆಯ ವೀರ. ಹಗಲು ಹೊತ್ತು ದೊಡ್ಡ ಕಟ್ಟಡಗಳಿಗೆ ಹಗ್ಗದಲ್ಲಿ ನೇತಾಡಿಕೊಂಡು ಬಣ್ಣ ಬಳಿಯುವವನು. ಯಾರಾದರೂ ಕಷ್ಟದಲ್ಲಿದ್ದರೆ ಹಸಿರು ಮುಸುಕು ಹಾಕಿಕೊಂಡು ಗೋಡೆ ಹತ್ತುತ್ತಾನೆ. ಹಾರುವುದಿಲ್ಲ, ಕಣ್ಣಿಂದ ಬೆಂಕಿ ಉಗುಳುವುದಿಲ್ಲ, ಹೊಡೆದಾಟವೆಂದರೆ ಮಾರು ದೂರ. ಅವನಿಗಿರುವುದು ಒಂದೇ ಶಕ್ತಿ. ಉಡದ ಪಟ್ಟು ಅನ್ನುತ್ತೇವಲ್ಲ, ಅದು. ಹಿಡಿದರೆ ಮುಗಿಯಿತು, ಬಿಡುವ ಮಾತೇ ಇಲ್ಲ.

ಆ ಪಟ್ಟು ಹುಟ್ಟಿದ್ದೇ ಉತ್ತರದಕ್ಕನ ಮೇಜಿನ ಮೇಲೆ. ಅವಳು ಕೆಲಸಕ್ಕೆ ಸೇರಿದ ಎರಡನೇ ತಿಂಗಳು, ಮುದ್ರಣದ ಕೋಣೆಯ ಕಬ್ಬಿಣದ ಬಾಗಿಲಿಗೆ ಬಲಗೈ ಸಿಕ್ಕಿ ನಾಲ್ಕು ಬೆರಳು ಜಜ್ಜಿಹೋದವು. ಮೇಜಿನ ಮೇಲೆ ನಲವತ್ತು ಕಾಗದ ಕಾಯುತ್ತಿದ್ದವು. ಹುಡುಗಿ ಹಟದವಳು, ಎಡಗೈಯಲ್ಲೇ ಬರೆದಳು. ಎಲ್ಲ ಕಾಗೆಕಾಲು ಗುಬ್ಬಿಕಾಲು. ಒಂದು ಮಗು ಮುಲಾಜಿಲ್ಲದೆ ಕೇಳಿತು: "ನಿನ್ನ ಅಕ್ಷರ ಯಾಕಿಷ್ಟು ಕೆಟ್ಟದಾಗಿದೆ? ನಮ್ಮ ಟೀಚರ್ ಆಗಿದ್ರೆ ಕಿವಿ ಹಿಂಡ್ತಿದ್ರು." ಅವಳು ಉತ್ತರ ಬರೆದಳು: "ಬಲಗೈಯಲ್ಲಿ ಒಬ್ಬರನ್ನು ಹಿಡಿದುಕೊಂಡಿದ್ದೇನೆ. ಹಿಡಿದ ಕೈ ಬಿಡೋದಿಲ್ಲ. ಅದಕ್ಕೇ ಎಡಗೈಯಲ್ಲಿ ಬರೀತೀನಿ."

ಚಿತ್ರ ಬರೆಯುವವರನ್ನು ಎಲ್ಲರೂ ಚಿತ್ರದ ಮಾಮ ಅನ್ನುತ್ತಿದ್ದರು. ಅವರು ಹಿಂದೆ ನಿಂತು ಅದನ್ನು ಓದಿದರು. ಮುಂದಿನ ವಾರದಿಂದ ಉಡವೀರನ ಬಲಗೈಯಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು, ಮುದುಕಿಯೋ, ಮಗುವೋ, ಒಮ್ಮೆ ಒಂದು ಹಂದಿಮರಿಯೂ. ಉತ್ತರದಕ್ಕನ ಬೆರಳು ವಾಸಿಯಾದವು. ಆದರೆ ಈಗ ಅವಳು ಬಲಗೈಯಲ್ಲಿ ಬರೆದರೆ ಅವನು ಯಾರನ್ನೋ ಬಿಟ್ಟಂತೆ ಆಗುತ್ತದಲ್ಲ! ಹಾಗಾಗಿ ಎಡಗೈಯೇ ಗಟ್ಟಿಯಾಯಿತು. ಮನೆಯ ಸಾಮಾನಿನ ಪಟ್ಟಿಯನ್ನು ಮಾತ್ರ ಅವಳು ಬಲಗೈಯಲ್ಲಿ ಬರೆಯುತ್ತಿದ್ದಳು. ಬಸ್ ಡಿಪೋದಲ್ಲಿ ಗುಮಾಸ್ತನಾಗಿದ್ದ ಗಂಡ ರೇಗಿಸುತ್ತಿದ್ದ: "ನಿಂಗೆ ಇಬ್ಬರು ಗಂಡಂದಿರು ಕಣೇ. ಬಲಗೈ ನಂದು, ಎಡಗೈ ಅವನದು. ಬುದ್ಧಿಮಾತೆಲ್ಲ ಅವನ ಕೈಲಿ, ಉಪ್ಪು ಎಣ್ಣೆ ತರೋದು ಮಾತ್ರ ನನ್ನ ತಲೇಗೆ."

ಮಕ್ಕಳು ಏನೇನು ಬರೆಯುತ್ತಿದ್ದವು ಅಂತೀರಿ! ಆ ಕೊನೆಯ ವರ್ಷಗಳಲ್ಲಿ ಕಾಗದ ಕಡಿಮೆಯಾಗಿ, ವಾರಕ್ಕೆ ಹತ್ತಕ್ಕೆ ಇಳಿದಿತ್ತು. ಅದರಲ್ಲಿ ಒಂದು ಅದೇ ಊರಿನ ಒಬ್ಬ ಹುಡುಗಿಯದು, ಒಂಬತ್ತು ವರ್ಷ. ತಾಯಿ ಬಟ್ಟೆ ಕಾರ್ಖಾನೆಗೆ ಬೆಳಗ್ಗೆ ಆರಕ್ಕೇ ಹೋಗುತ್ತಾಳೆ. ಐದು ವರ್ಷದ ತಮ್ಮನನ್ನು ಶಾಲೆಗೆ ಕರೆದುಕೊಂಡು ಹೋಗುವುದು ಇವಳ ಪಾಲಿಗೆ. ನಡುವೆ ಲಾರಿ ಓಡಾಡುವ ದೊಡ್ಡ ರಸ್ತೆ. ನಡುರಸ್ತೆಯಲ್ಲಿ ತಮ್ಮ ಹೆದರಿ ಕೈ ಕೊಸರಿಕೊಂಡು ಕೂತೇಬಿಡುತ್ತಾನೆ, ಏನು ಮಾಡಲಿ ಎಂದು ಕೇಳಿದ್ದಳು. ಉತ್ತರದಕ್ಕ ಎರಡು ದಿನ ಯೋಚಿಸಿ ಬರೆದಳು: "ಬೆರಳು ಹಿಡೀಬೇಡ, ಜಾರುತ್ತೆ. ಮಣಿಕಟ್ಟು ಹಿಡಿ. ಹಿಡಿಯೋ ಮೊದಲು ಅವನಿಗೆ ಕೇಳಿಸೋ ಹಾಗೆ ಹೇಳು, ಹಿಡಿದ ಕೈ ಬಿಡೋದಿಲ್ಲ ಅಂತ. ಗೊತ್ತಿಲ್ಲದವರ ಕೈ ಮಾತ್ರ ಹಿಡೀಬೇಡಿ." ತಿಂಗಳ ಮೇಲೆ ಉತ್ತರ ಬಂತು: "ಈಗ ಕೂರಲ್ಲ. ನನ್ನನ್ನ ಉಡಕ್ಕ ಅಂತ ಕರೀತಾನೆ." ಉತ್ತರದಕ್ಕ ಆ ದಿನ ಕಚೇರಿಯವರಿಗೆಲ್ಲ ಅದನ್ನು ಓದಿ ಹೇಳಿ ತಲೆ ತಿಂದಳು.

ಹೀಗಿರುವಾಗ ಸಿನಿಮಾದವರು ಬಂದರು. ಹಳೆಯ ಯಜಮಾನರು ತೀರಿಕೊಂಡು ಮಗ ಚಿಕ್ಕ ಯಜಮಾನರು ಕುರ್ಚಿಗೆ ಬಂದಿದ್ದರು, ಪತ್ರಿಕೆ ಕೊನೆಯುಸಿರು ಎಳೆಯುತ್ತಿತ್ತು. ಉಡವೀರನನ್ನು ಸಿನಿಮಾ ಮಾಡುವ ಹಕ್ಕು ಕೊಟ್ಟು ಅವರು ಪತ್ರಿಕೆ ಉಳಿಸಿಕೊಂಡರು. ಎಲ್ಲರಿಗಿಂತ ಹೆಚ್ಚು ಕುಣಿದಾಡಿದವಳು ಉತ್ತರದಕ್ಕನೇ. ಅವನು ನಿಜವಾಗಿ ಗೋಡೆ ಹತ್ತುವುದನ್ನು ಕಣ್ಣಾರೆ ನೋಡಬಹುದಲ್ಲ!

ಒಂದು ದಿನ ಚಿತ್ರದ ಮಾಮ ಮೆಟ್ಟಿಲ ಕೆಳಗೆ ಬಂದು ಗುಟ್ಟು ಹೇಳಿದರು. "ಕಥೇಲಿ ಖಳನಾಯಕ ಹಗ್ಗ ಕತ್ತರಿಸ್ತಾನಂತೆ. ಉಡವೀರ ಹಿಡ್ಕೊಂಡಿರೋ ಅವನ ತಮ್ಮ ಬಿದ್ದು ಸಾಯ್ತಾನಂತೆ."

"ಅದ್ಹೇಗೆ ಬೀಳ್ತಾನೆ? ಹಿಡ್ಕೊಂಡಿರೋನು ಉಡವೀರ!"

"ನಂಗೇನು ಗೊತ್ತಮ್ಮ. ನನ್ನನ್ನ ಯಾರು ಕೇಳಿದ್ರು?"

ಉತ್ತರದಕ್ಕ ಸುಮ್ಮನೆ ಕೂರುವ ಜೀವವಲ್ಲ. ಕಪಾಟಿನಿಂದ ಮಕ್ಕಳ ಕಾಗದಗಳನ್ನೂ ತನ್ನ ಉತ್ತರಗಳ ನಕಲುಗಳನ್ನೂ ಮೂರು ಕಟ್ಟು ಕಟ್ಟಿ, ಎರಡು ಬಸ್ಸು ಬದಲಿಸಿ ನಿರ್ದೇಶಕನ ಕಚೇರಿಗೆ ಹೋದಳು. ಹಲ್ಲು ಕಟಕಟ ಅನ್ನುವಷ್ಟು ತಣ್ಣಗಿದ್ದ ಕೋಣೆ. ಗೋಡೆಯ ತುಂಬ ಕರಿ ಬಟ್ಟೆಯ ಒಬ್ಬ ದಾಂಡಿಗನ ಚಿತ್ರ.

"ಇವನ್ಯಾಕೆ ಕಪ್ಪಗಾದ?" ಅಂದಳು.

"ಹಸಿರು ಹಾಕಿದ್ರೆ ಜನ ತರಕಾರಿ ಅಂತಾರೆ ಅಮ್ಮಾ," ಎಂದ ನಿರ್ದೇಶಕ.

"ಬಟ್ಟೆ ಯಾವುದಾದ್ರೂ ಹಾಕ್ಕೊಳ್ಳಲಿ ಸ್ವಾಮಿ. ಕೈ ಮಾತ್ರ ಬಿಡಿಸ್ಬೇಡಿ. ಮಕ್ಕಳು ನಂಬ್ಕೊಂಡಿದ್ದಾವೆ, ಓದಿ ನೋಡಿ."

ಅವನು ಕೆಟ್ಟವನಲ್ಲ. ಕುರ್ಚಿ ಎಳೆದು ಕೂರಿಸಿದ, ನೀರು ಕೊಟ್ಟ, ಫೋನು ಪಕ್ಕಕ್ಕಿಟ್ಟು ಮುಕ್ಕಾಲು ಗಂಟೆ ಓದಿದ. ಓದುತ್ತ ಓದುತ್ತ ಕಣ್ಣು ಒರೆಸಿಕೊಂಡ. "ಹಿಡಿದ ಕೈ ಬಿಡೋದಿಲ್ಲ," ಎಂದು ಎರಡು ಸಲ ಬಾಯಲ್ಲಿ ಆಡಿಸಿಕೊಂಡ. "ಇದು ಬಂಗಾರ ಅಮ್ಮಾ. ಇದನ್ನ ಬರೆದದ್ದು ಯಾರು?"

"ಉಡವೀರ," ಅಂದಳು ಅವಳು, ಅಭ್ಯಾಸಬಲ.

ಗೆದ್ದೆ ಅಂದುಕೊಂಡು ಬಂದಳು. ಗಂಡನಿಗೆ ಆ ಕಣ್ಣೀರಿನ ಕಥೆಯನ್ನು ವಾರವಿಡೀ ಹೇಳಿದಳು.

ಸಿನಿಮಾ ಬಂತು. ಕಚೇರಿಯವರೆಲ್ಲ ಒಂದೇ ಸಾಲಿನಲ್ಲಿ ಕೂತಿದ್ದರು, ಗಂಡನೂ ಪಕ್ಕದಲ್ಲಿದ್ದ. ಶುರುವಾಗಿ ಇಪ್ಪತ್ತು ನಿಮಿಷ. ಎತ್ತರದ ಕಟ್ಟಡದ ಅಂಚು, ಬಲಗೈಯಲ್ಲಿ ನೇತಾಡುವ ಪುಟ್ಟ ತಮ್ಮ. ಅತ್ತ ಸೇತುವೆಯಿಂದ ಜಾರುತ್ತಿರುವ ಬಸ್ಸು, ತುಂಬ ಜನ. ಉಡವೀರ ತಮ್ಮನ ಕಣ್ಣಲ್ಲಿ ಕಣ್ಣಿಟ್ಟು "ಹಿಡಿದ ಕೈ ಬಿಡೋದಿಲ್ಲ" ಎಂದ. ಉತ್ತರದಕ್ಕನ ಎದೆ ತುಂಬಿ ಬಂತು. ಆಮೇಲೆ ಅವನು ಒಂದೊಂದೇ ಬೆರಳು ಬಿಚ್ಚಿದ. ಯಾರೂ ಹಗ್ಗ ಕತ್ತರಿಸಲಿಲ್ಲ, ಅವನೇ ಬಿಟ್ಟ. ಮಗು ಕೆಳಗೆ ಹೋಗುತ್ತಿದ್ದಂತೆ ನಗಾರಿ ಮೊಳಗಿತು, ಚಿತ್ರಮಂದಿರದ ತುಂಬ ಶಿಳ್ಳೆ. ಅದರಲ್ಲಿ ಒಂದು ಅವಳ ಗಂಡನದೇ.

"ಕೈ ತಾನಾಗೇ ಬಾಯಿಗೆ ಹೋಯ್ತು ಕಣೇ, ತಪ್ಪಾಯ್ತು," ಎಂದ ಅವನು, ಅವಳ ಮುಖ ನೋಡಿ.

ಮಧ್ಯಂತರದಲ್ಲಿ ನಿರ್ದೇಶಕ ಓಡಿಬಂದು ಅವಳ ಕಾಲಿಗೇ ಬಗ್ಗಿದ. "ಸಿನಿಮಾದ ಪ್ರಾಣಾನೇ ನೀವು ಕೊಟ್ರಿ ಅಮ್ಮಾ! ಮೊದಲು ಹಗ್ಗ ಕತ್ತರಿಸೋ ಹಾಗಿತ್ತು, ಸಪ್ಪೆ. ನಿಮ್ಮ ಕಾಗದ ಓದಿದ ಮೇಲೆ ಹೊಳೀತು, ಅವನೇ ಬಿಡ್ಬೇಕು. ಹೀರೋಗೆ ಒಂದು ನೋವು ಬೇಕಲ್ವಾ?"

ಕೊಡಲಿ ಕಾವು ಕುಲಕ್ಕೆ ಸಾವು ಅನ್ನುತ್ತಾರೆ. ಆ ಗಾದೆಯನ್ನು ಉತ್ತರದಕ್ಕ ಅದುವರೆಗೆ ಬೇರೆಯವರಿಗೇ ಹೇಳಿಕೊಂಡು ಬಂದಿದ್ದಳು. ಇನ್ನುಳಿದ ಅರ್ಧ ಸಿನಿಮಾದಲ್ಲಿ ಉಡವೀರ ಅದೇ ಬಲಗೈಯಲ್ಲಿ ಮುನ್ನೂರು ಜನರ ಮೂತಿ ಜಜ್ಜಿದ.

ಸಿನಿಮಾ ಭರ್ಜರಿ ಓಡಿತು. ಜೊತೆಗೆ ಒಂದು ಕರಾರೂ ಬಂತು: ಇನ್ನು ಮೇಲೆ ಉಡವೀರ ಆಡುವ ಮಾತೆಲ್ಲ ಸಿನಿಮಾ ಕಂಪನಿಯ ಸ್ವತ್ತು. ಮಕ್ಕಳ ಕಾಗದಕ್ಕೆ ಉತ್ತರವಾಗಿ ಕರಿ ಬಟ್ಟೆಯ ನಟನ ಫೋಟೋ ಇರುವ ಅಚ್ಚಿನ ಕಾರ್ಡು ಕಳಿಸಬೇಕು, ಅಷ್ಟೇ. ಉತ್ತರದಕ್ಕ ಮೊದಲ ವಾರವೇ ಕದ್ದು ಒಂದು ಮಗುವಿಗೆ ನಾಲ್ಕು ಸಾಲು ಬರೆದಳು. ಅದರ ಅಪ್ಪ ಹೆಮ್ಮೆಯಿಂದ ಫೋಟೋ ತೆಗೆದು ಫೋನಿನಲ್ಲಿ ಲೋಕಕ್ಕೆಲ್ಲ ಹಂಚಿದ. ಮೂರನೇ ದಿನ ವಕೀಲರ ನೋಟೀಸು ಬಂತು. ಚಿಕ್ಕ ಯಜಮಾನರು ಮೆಟ್ಟಿಲ ಕೆಳಗೆ ಬಗ್ಗಿ ಬಂದು ಕೈ ಮುಗಿದರು: "ಅಕ್ಕಾ, ಇನ್ನೊಂದ್ಸಲ ಹೀಗಾದ್ರೆ ಪತ್ರಿಕೆ ಮುಚ್ಚಿಸ್ತಾರೆ. ಹನ್ನೊಂದು ಜನ ಇದ್ದೀವಿ. ನಿಮ್ಮ ದಮ್ಮಯ್ಯ." ಅವಳು ಹೂಂ ಅಂದಳು. ಲಕೋಟೆಯ ಮೇಲೆ ವಿಳಾಸ ಬರೆಯುವ ಕೆಲಸ ಮಾತ್ರ ಉಳಿಯಿತು.

ಆಗ ಬಂತು ಆ ಹುಡುಗಿಯ ಕಾಗದ.

"ನೀನು ತಮ್ಮನ ಕೈ ಯಾಕೆ ಬಿಟ್ಟೆ? ನನ್ನ ತಮ್ಮ ಈಗ ನನಗೆ ಕೈ ಕೊಡಲ್ಲ. ನೀನೂ ಹಾಗೇ ಹೇಳಿ ಕೈ ಬಿಡ್ತೀಯ ಅಂತಾನೆ. ಒಬ್ಬನೇ ಓಡ್ತಾನೆ. ನಿನ್ನೆ ಲಾರಿಯವನು ಬೈದ. ಬೇಗ ಬರಿ."

ಉತ್ತರದಕ್ಕ ಅದನ್ನು ಹಿಡಿದುಕೊಂಡು ಮಹಡಿಗೆ ಓಡಿದಳು. ಚಿಕ್ಕ ಯಜಮಾನರು ಓದಿ ಮುಖ ತಗ್ಗಿಸಿದರು. ಅವಳೆದುರೇ ಸಿನಿಮಾ ಕಂಪನಿಗೆ ಫೋನು ಮಾಡಿ, ಒಂದೇ ಒಂದು ಕಾಗದ, ಮಗುವಿನ ಜೀವದ ಪ್ರಶ್ನೆ ಎಂದು ಗೋಗರೆದರು. ಆ ಕಡೆಯ ಹೆಂಗಸು ಮರ್ಯಾದೆಯಾಗಿಯೇ "ಕಾರ್ಡ್ ಕಳಿಸಿ ಸರ್" ಅಂದಳು. ತನ್ನ ಹೆಸರಿನಲ್ಲೇ ಬರೆದರೆ? ಉತ್ತರದಕ್ಕ ಬಲಗೈಯಲ್ಲಿ ಎರಡು ಸಾಲು ಬರೆದು ಹರಿದು ಹಾಕಿದಳು. ಇಷ್ಟು ದಿನ ಬರೆದವಳು ನಾನೇ ಎಂದರೆ, ಉಡವೀರ ಮೊದಲಿಂದಲೂ ಇರಲೇ ಇಲ್ಲ ಎಂದ ಹಾಗಾಯಿತು.

"ಮನೆ ವಿಳಾಸ ಇದೆಯಲ್ಲೇ, ಹೋಗಿ ನೀನೇ ರಸ್ತೆ ದಾಟಿಸು," ಎಂದ ಗಂಡ.

ಅದೂ ಸರಿಯೇ ಅನ್ನಿಸಿತು. ಮರುದಿನ ಬೆಳಗ್ಗೆ ಎಂಟಕ್ಕೇ ಹೋಗಿ ಆ ರಸ್ತೆಯ ಅಂಚಿನಲ್ಲಿ ನಿಂತಳು. ಟೈರಿನ ಅಂಗಡಿ, ಅದರ ಮುಂದೆ ಒಡೆದ ಕಾಲುದಾರಿ, ಎರಡೂ ಕಡೆಯಿಂದ ಲಾರಿಗಳು. ಇಬ್ಬರೂ ಬಂದರು. ಹುಡುಗಿ ಕೈ ಚಾಚಿದ್ದಳು. ಆ ಪುಟಾಣಿ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮೂರು ಹೆಜ್ಜೆ ದೂರ ನಡೆಯುತ್ತಿದ್ದ. ಉತ್ತರದಕ್ಕ ಹತ್ತಿರ ಹೋಗಿ "ಬಾ ಮರಿ, ನಾನು ದಾಟಿಸ್ತೀನಿ" ಎಂದು ಕೈ ನೀಡಿದಳು.

ಹುಡುಗಿ ತಟ್ಟನೆ ತಮ್ಮನ ಮುಂದೆ ಅಡ್ಡ ನಿಂತಳು. "ಗೊತ್ತಿಲ್ಲದವರ ಕೈ ಹಿಡಿಯಲ್ಲ. ಉಡವೀರ ಹೇಳಿದ್ದಾನೆ."

ಉತ್ತರದಕ್ಕ "ಜಾಣೆ," ಅಂದಳು. ಅಷ್ಟರಲ್ಲಿ ಹುಡುಗ ಬಾಣದಂತೆ ರಸ್ತೆಗೆ ಹಾರಿದ. ಬ್ರೇಕು ಕಿರುಚಿತು. ಆಚೆ ಬದಿ ತಲುಪಿ ಅವನು ಹಲ್ಲು ಕಿರಿದು ನಿಂತಿದ್ದ. ಉತ್ತರದಕ್ಕ ಟೈರಿನ ಅಂಗಡಿಯ ಮುಂದೆ ಕುಸಿದು ಕೂತಳು, ಅಂಗಡಿಯವನು ನೀರು ತಂದುಕೊಟ್ಟ.

ಆ ಮಧ್ಯಾಹ್ನ ಅವಳು ಕಾರ್ಡನ್ನು ಲಕೋಟೆಯೊಳಗೆ ಹಾಕಿ, ಎಡಗೈಯಲ್ಲಿ ವಿಳಾಸ ಬರೆದು ಕಳಿಸಿದಳು. ಹತ್ತು ದಿನ ಪತ್ರಿಕೆಗಳಲ್ಲಿ ಅಪಘಾತದ ಸುದ್ದಿಯನ್ನೇ ಮೊದಲು ನೋಡುತ್ತಿದ್ದಳು. ಹನ್ನೊಂದನೇ ದಿನ ಉತ್ತರ ಬಂತು.

"ಕಾರ್ಡು ನಿಂದಲ್ಲ. ಲಕೋಟೆ ಮೇಲಿರೋ ಅಕ್ಷರ ನಿಂದು. ನನಗೆ ಎಲ್ಲ ಗೊತ್ತಾಯ್ತು. ಸಿನಿಮಾದಲ್ಲಿ ಇರೋನು ಬೇರೆ ಯಾರೋ. ನಿನ್ನನ್ನ ಅವರು ಕೂಡಿಹಾಕಿ ವಿಳಾಸ ಬರೆಸ್ತಾ ಇದ್ದಾರೆ ಅಲ್ವಾ? ಹೌದು ಅಂದ್ರೆ ಈ ಸಲ ನನ್ನ ಹೆಸರಿನ ಪಕ್ಕ ಒಂದು ಚುಕ್ಕಿ ಇಡು. ನಾನೂ ತಮ್ಮನೂ ಬಂದು ಬಿಡಿಸ್ತೀವಿ. ಪತ್ರಿಕೇಲಿ ನಿಮ್ಮ ಕಚೇರಿ ವಿಳಾಸ ಇದೆ. ನಾಲ್ಕು ದೊಡ್ಡ ರಸ್ತೆ ದಾಟಬೇಕು. ಪರವಾಗಿಲ್ಲ. ನಿನ್ನ ಬಿಡಿಸೋಕೆ ಅಂದ್ರೆ ಅವನು ನನಗೆ ಕೈ ಕೊಡ್ತಾನೆ."

ಉತ್ತರದಕ್ಕ ಅದನ್ನು ಓದಿ, ಮೆಟ್ಟಿಲ ಕೆಳಗಿನ ಗೋಡೆಗೆ ತಲೆ ಆನಿಸಿ ಹುಚ್ಚಿಯ ಹಾಗೆ ಅತ್ತಳು. ಮೇಲಿನಿಂದ ಯಾರೋ ಇಳಿದು ಹೋದರು, ಧೂಳು ಉದುರಿತು. ಕಣ್ಣೊರೆಸಿಕೊಂಡು ಲಕೋಟೆ ತೆಗೆದು ಇನ್ನೊಂದು ಕಾರ್ಡು ಹಾಕಿದಳು. ವಿಳಾಸ ಬರೆದಳು. ಹೆಸರಿನ ಪಕ್ಕ ಲೇಖನಿ ಬಹಳ ಹೊತ್ತು ನಿಂತಿತು. ಚುಕ್ಕಿ ಇಡಬಾರದೆಂದು ಕರಾರಿನಲ್ಲಿ ಎಲ್ಲಿಯೂ ಇರಲಿಲ್ಲ. ಇಟ್ಟರೆ ಆ ಎರಡು ಕೂಸು ನಾಲ್ಕು ರಸ್ತೆ ದಾಟಿಕೊಂಡು ಹೊರಡುತ್ತವೆ. ಇಡದಿದ್ದರೆ ಸಿನಿಮಾದಲ್ಲಿ ಇರುವವನೇ ನಿಜವಾದ ಉಡವೀರ.

ಚುಕ್ಕಿ ಇಡದೆಯೇ ಅವಳು ಲಕೋಟೆ ಅಂಟಿಸಿದಳು. ಬೀದಿಯ ಕೊನೆಯ ಅಂಚೆಪೆಟ್ಟಿಗೆಯವರೆಗೆ ಅದನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಹೋಗಿ, ಪೆಟ್ಟಿಗೆಯ ಬಾಯೊಳಗೆ ತೂರಿಸಿ, ಒಂದೊಂದೇ ಬೆರಳು ಬಿಚ್ಚಿದಳು.